ಕೆಟ್ಟಿರೋದು ಕೈಯಲ್ಲ, ದಾರದ ಸುತ್ತು ಜಾಸ್ತಿ ಆಗಿದೆ

ಪ್ರಶ್ನೆ: ನಾನು ಕೊಪ್ಪದ ಕಡೆಯವನು, ಈಗ ಅಮೆರಿಕದ ಕೊಲರಾಡೊದಲ್ಲಿದ್ದೇನೆ. ವಯಸ್ಸು 48. ಎರಡು ವರ್ಷದಿಂದ ಟ್ರೌಟ್ ಮೀನಿಗೆ ಫ್ಲೈ, ಅಂದರೆ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಮಾಡುವ ಹುಳುವಿನಂಥ ಗಾಳ, ಕಟ್ಟುವ ಹವ್ಯಾಸ ಹತ್ತಿದೆ. ವೂಲಿ ಬಗರ್, ಎಲ್ಕ್ ಹೇರ್ ಕ್ಯಾಡಿಸ್ ಕಟ್ಟುತ್ತೇನೆ, ಅವಕ್ಕೆ ಮೀನೂ ಬಿದ್ದಿವೆ. ಈ ಚಳಿಗಾಲದಲ್ಲಿ ಹಳೆಯ ಕ್ಲಾಸಿಕ್ ಫ್ಲೈಗಳಿಗೆ ಕೈ ಹಾಕಿದೆ: ಆಡಮ್ಸ್, ಕ್ವಿಲ್ ಗೋರ್ಡನ್, ರಾಯಲ್ ವುಲ್ಫ್. ಒಂದೂ ಸರಿಯಾಗುತ್ತಿಲ್ಲ. ಕೊನೆಗೆ ತಲೆ ಕಟ್ಟೋಕೆ ಜಾಗವೇ ಉಳಿಯಲ್ಲ, ಕೊಕ್ಕೆಯ ಕಣ್ಣು ಮುಚ್ಚಿಹೋಗುತ್ತದೆ. ರೆಕ್ಕೆ ತಿರುಚಿಕೊಳ್ಳುತ್ತದೆ. ನವಿಲುಗರಿಯ ಎಳೆ ಸುತ್ತುವಾಗಲೇ ಸೀಳುತ್ತದೆ. ನನ್ನ ಕೈಗೆ ಒಗ್ಗುವ ಕೆಲಸ ಇದಲ್ಲವೇನೋ ಅನ್ನಿಸಿದೆ. ದುಬಾರಿ ರೋಟರಿ ವೈಸ್ (ಕೊಕ್ಕೆ ಹಿಡಿದು ತಿರುಗಿಸುವ ಇಕ್ಕಳ) ತಗೊಂಡರೆ ಸರಿಹೋಗುತ್ತದಾ? ಇನ್ನೊಂದು ವಿಷಯ. ಕ್ಲಾಸಿಕ್ ಫ್ಲೈಗೆ ಕಾಡುಕೋಳಿ ಗರಿ ಬೇಕೇ ಬೇಕು ಅಂತ ಎಲ್ಲೋ ಓದಿದೆ. ಊರಿನ ತೋಟಕ್ಕೆ ಕಾಡುಕೋಳಿ, ನವಿಲು ಎರಡೂ ಬರುತ್ತವೆ. ಉದುರಿದ ಗರಿಗಳನ್ನು ಅಪ್ಪ ಕೂಡಿಟ್ಟಿದ್ದಾರೆ. ಡಿಸೆಂಬರಿನಲ್ಲಿ ಹೋದಾಗ ತರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು, ಕೈಯಲ್ಲಿ ಕಸುಬು ಇಲ್ಲವೇನೋ ಅನ್ನುವುದು. ಇನ್ನೊಂದು, ಸರಿಯಾದ ಸಾಮಾನು ಇಲ್ಲವೇನೋ ಅನ್ನುವುದು. ಎರಡಕ್ಕೂ ಉತ್ತರ ಇದೆ. ಆದರೆ ಗರಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ನೀವು ಟಿಕೆಟ್ ಬುಕ್ ಮಾಡುವ ಮೊದಲೇ ಅದು ಗೊತ್ತಿರಬೇಕು.

ತರಬೇಡಿ. ಒಂದೇ ಒಂದು ಗರಿಯನ್ನೂ ತರಬೇಡಿ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಮಲೆನಾಡಿನ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಗಳ ಮೇಲೆ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಅವು ಬರೀ ಬಣ್ಣವಲ್ಲ. ಆ ಜಾಗದಲ್ಲಿ ಗರಿಯ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಿ, ನುಣುಪಾಗಿ ಹೊಳೆಯುತ್ತವೆ. ಉಗುರಿನಿಂದ ಮುಟ್ಟಿದರೆ ಗೊತ್ತಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಸಾಲ್ಮನ್ ಫ್ಲೈ ಕಟ್ಟುವವರು ಅದಕ್ಕೆ ಮರುಳಾದರು. ಫ್ಲೈಯ ಎರಡೂ ಕೆನ್ನೆಗೆ ಆ ಚುಕ್ಕೆ ಇಡುವುದು ರೂಢಿಯಾಯಿತು. ದಕ್ಷಿಣ ಭಾರತದ ಕಾಡುಗಳಿಂದ ಈ ಹಕ್ಕಿಯ ಚರ್ಮ ಹಡಗು ಹತ್ತಿದ್ದು ಹಾಗೆ.

ಆದರೆ ಅದು ಸಾಲ್ಮನ್ ಫ್ಲೈಯ ಕಥೆ. ನೀವು ಹೆಸರಿಸಿದ ಮೂರೂ ಟ್ರೌಟ್ ಫ್ಲೈಗಳಲ್ಲಿ ಕಾಡುಕೋಳಿಯ ಒಂದು ಎಳೆಯೂ ಇಲ್ಲ. ಈ ಎರಡನ್ನು ಬಹಳ ಜನ ಒಂದು ಮಾಡಿಕೊಳ್ಳುತ್ತಾರೆ. ಕ್ಲಾಸಿಕ್ ಅಂದ ಕೂಡಲೇ ಅಪರೂಪದ ಹಕ್ಕಿ, ಸಿಗದ ಗರಿ ಅನ್ನುವ ಕಲ್ಪನೆ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಊರಿನ ಮ್ಯೂಸಿಯಂಗೆ ನುಗ್ಗಿ 299 ಹಕ್ಕಿ ಚರ್ಮ ಕದ್ದ ಪ್ರಕರಣ ನಿಮಗೂ ಗೊತ್ತಿರಬಹುದು. ಕದ್ದವನು ಸಾಲ್ಮನ್ ಫ್ಲೈ ಕಟ್ಟುವ ಹುಡುಗ. ವಿಜ್ಞಾನಕ್ಕೆ ಮತ್ತೆ ಸಿಗದ ಮಾದರಿಗಳು ಆ ಹುಚ್ಚಿನಲ್ಲಿ ಹಾಳಾದವು. ನನಗೆ ಈಗಲೂ ಅದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ. ಟ್ರೌಟ್ ಫ್ಲೈ ಅದಕ್ಕೆ ತದ್ವಿರುದ್ಧ. ಸಾಕುಕೋಳಿ, ಬಾತುಕೋಳಿ, ಕರುವಿನ ಕೂದಲು, ನೀರಿಲಿಯ ತುಪ್ಪಟ, ನವಿಲಿನ ಎಳೆ, ಇಷ್ಟರಲ್ಲೇ ಮುಗಿಯುತ್ತದೆ.

ಇನ್ನು ಕಾನೂನು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಕೋಳಿ ರಕ್ಷಿತ ಹಕ್ಕಿ. ನವಿಲಿನ ಉದುರಿದ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಒಯ್ಯಲು ಇಲ್ಲ. 'ಉದುರಿದ್ದು, ಕೊಂದಿದ್ದಲ್ಲ' ಅನ್ನುವ ಮಾತು ವಿಮಾನ ನಿಲ್ದಾಣದಲ್ಲಿ ನಡೆಯಲ್ಲ. ಅಮೆರಿಕದ ಕಡೆಯೂ ಹಾಗೇ: ಒಂದು ದೇಶದ ಕಾನೂನು ಮುರಿದು ತಂದ ವನ್ಯಜೀವಿ ವಸ್ತು ಅಲ್ಲೂ ಅಪರಾಧ, ಜೊತೆಗೆ ಹಕ್ಕಿಜ್ವರದ ಕಾರಣ ಗರಿಗಳ ಮೇಲೆ ಬೇರೆಯೇ ತಪಾಸಣೆ. ನವಿಲುಗರಿ ಅಲ್ಲಿನ ಅಂಗಡಿಯಲ್ಲೇ ಸಾಕಿದ ನವಿಲಿನದ್ದು, ಕಡಿಮೆ ಬೆಲೆಗೆ ಸಿಗುತ್ತದೆ. ಮುಂದೆ ಯಾವತ್ತಾದರೂ ಕಾಡುಕೋಳಿ ಗರಿ ಬೇಕೇ ಅನ್ನಿಸಿದರೆ ಸಾಕಿ ಬೆಳೆಸಿದ ಹಕ್ಕಿಯದ್ದು, ಕಾಗದಪತ್ರ ಇರುವುದು ಸಿಗುತ್ತದೆ. ಅಪ್ಪ ಕೂಡಿಟ್ಟಿದ್ದು ಅಲ್ಲೇ ಇರಲಿ.

ನೀವಿರುವ ಕಡೆಯದ್ದೇ ಇನ್ನೊಂದು ಎಚ್ಚರಿಕೆ. ಅಂಗಳದಲ್ಲಿ ಬಿದ್ದ ರಾಬಿನ್ ಅಥವಾ ನೀಲಿ ಜೇ ಹಕ್ಕಿಯ ಗರಿ ಎತ್ತಿಟ್ಟುಕೊಳ್ಳುವುದು ಕೂಡ ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಗೆ ವಿರುದ್ಧ. ಕಾನೂನಿನಂತೆ ಬೇಟೆಯಾಡಿದ ಬಾತುಗಳ ಗರಿಯನ್ನು ಫ್ಲೈ ಕಟ್ಟಲು ಮಾರುವುದಕ್ಕೆ ವಿನಾಯಿತಿ ಇದೆ. ಕ್ವಿಲ್ ಗೋರ್ಡನ್‌ಗೆ ಬೇಕಾದ ವುಡ್ ಡಕ್ ಪಕ್ಕೆಗರಿ ಅಂಗಡಿಯಲ್ಲಿ ಸಿಗುವುದು ಅದರಿಂದಲೇ. ಅದು ದುಬಾರಿ ಅನ್ನಿಸಿದರೆ ಬಣ್ಣ ಹಾಕಿದ ಮಲ್ಲಾರ್ಡ್ ಗರಿ ಕೊಳ್ಳಿ, ಕಲಿಯೋಕೆ ಏನೇನೂ ಕೊರತೆಯಿಲ್ಲ.

ಈಗ ಕೈಯ ವಿಷಯ.

ನಾನು ಫ್ಲೈ ಕಟ್ಟುವುದನ್ನು ಕಲಿಸುತ್ತೇನೆ. ಮೇಜಿನ ಆ ಕಡೆ ಕೂತು ತುಂಬಾ ಕೈಗಳನ್ನು ನೋಡಿದ್ದೇನೆ. ದಪ್ಪ ಬೆರಳಿನವರು, ಸ್ವಲ್ಪ ನಡುಗುವ ಕೈಯವರು, ಅರವತ್ತು ದಾಟಿದವರು ಸೊಗಸಾದ ಆಡಮ್ಸ್ ಕಟ್ಟುತ್ತಾರೆ. ಎಲ್ಕ್ ಹೇರ್ ಕ್ಯಾಡಿಸ್‌ನಲ್ಲಿ ಆ ಜಾರುವ ಕೂದಲನ್ನು ಹಿಡಿದು ನಿಲ್ಲಿಸಲು ನಿಮ್ಮ ಕೈಗೆ ಬರುತ್ತದೆ ಅಂದಮೇಲೆ ಕ್ಲಾಸಿಕ್‌ಗೆ ಬೇಕಾದ ಕೈ ನಿಮ್ಮಲ್ಲಿ ಇದೆ. ಎಡವುತ್ತಿರುವುದು ಲೆಕ್ಕದಲ್ಲಿ.

ನೀವು ಈವರೆಗೆ ಕಟ್ಟಿದ ಫ್ಲೈಗಳು ದಾರವನ್ನು ಅಡಗಿಸಿಕೊಳ್ಳುತ್ತವೆ. ವೂಲಿ ಬಗರ್‌ನಲ್ಲಿ ಹತ್ತು ಸುತ್ತು ಜಾಸ್ತಿ ಆದರೂ ಮೇಲೆ ಶೆನೀಲ್ ಅನ್ನುವ ತುಪ್ಪಟದ ನೂಲು ಬಂದು ಮುಚ್ಚಿಬಿಡುತ್ತದೆ. 14ನೇ ನಂಬರಿನ ಸಣ್ಣ ಕೊಕ್ಕೆಯ ಮೇಲಿನ ಆಡಮ್ಸ್‌ನಲ್ಲಿ ಆ ಹತ್ತು ಸುತ್ತಿಗೆ ಅಡಗಲು ಜಾಗವಿಲ್ಲ. ಬಾಲ, ರೆಕ್ಕೆ, ಮೈ, ಎರಡು ಹ್ಯಾಕಲ್ (ಕೊಕ್ಕೆಗೆ ಸುತ್ತುವ ಕೋಳಿಗರಿ), ತಲೆ, ಒಂದೊಂದಕ್ಕೂ ನಾಲ್ಕು ಸುತ್ತು ಜಾಸ್ತಿ ಹಾಕಿದರೆ ಕೊನೆಗೆ ಇಪ್ಪತ್ತಕ್ಕೂ ಮೇಲೆ ಬೇಡದ ಸುತ್ತು. ಅವೆಲ್ಲ ಹೋಗಿ ಸೇರುವುದು ಕಣ್ಣಿನ ಹಿಂದೆ. ನಿಮಗೆ ತೊಂದರೆ ಕಾಣುವುದು ತಲೆಯಲ್ಲಿ, ಅದು ಶುರುವಾಗುವುದು ಬಾಲದಲ್ಲಿ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಕೆಟ್ಟುಹೋದ ಒಂದು ಆಡಮ್ಸ್ ಅನ್ನು ವೈಸ್‌ಗೆ ಹಾಕಿ, ತಲೆಯ ಗಂಟನ್ನು ಬ್ಲೇಡಿನ ತುದಿಯಿಂದ ಕತ್ತರಿಸಿ, ದಾರವನ್ನು ಹಿಂದಕ್ಕೆ ಬಿಚ್ಚುತ್ತಾ ಸುತ್ತು ಎಣಿಸಿ. ಯಾವ ಜಾಗದಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಬರೀ ಕೊಕ್ಕೆಗೆ ಒಂದು ಹ್ಯಾಕಲ್ ದಂಟನ್ನು ಮೂರೇ ಸುತ್ತಿನಲ್ಲಿ ಬಿಗಿಯಾಗಿ ಕಟ್ಟಿ ಎಳೆದು ನೋಡಿ. ಬರಲ್ಲ. ಹಿಡಿತ ಇರುವುದು ಬಿಗಿಯಲ್ಲಿ, ಸುತ್ತಿನ ಸಂಖ್ಯೆಯಲ್ಲಿ ಅಲ್ಲ. ಸಡಿಲವಾಗಿ ಹತ್ತು ಸುತ್ತು ಹಾಕುವವರೇ ಹೆಚ್ಚು, ದಾರ ಕಡಿದುಹೋಗುವ ಭಯಕ್ಕೆ. ದಾರ ಎಲ್ಲಿ ಕಡಿಯುತ್ತದೆ ಅಂತ ಬೆರಳಿಗೆ ಗೊತ್ತಾಗಬೇಕು. ಅದಕ್ಕೆ ಬೇಕಂತಲೇ ಐದಾರು ಸಲ ಕಡಿದು ನೋಡುವುದೇ ದಾರಿ.

ದಾರವನ್ನೂ ಬದಲಿಸಿ. ವೂಲಿ ಬಗರ್‌ಗೆ ಬಳಸಿದ 140 ಡೆನಿಯರ್‌ನ ದಪ್ಪ ದಾರವೇ ಇನ್ನೂ ದಾರದ ಉರುಳೆ ಹಿಡಿಯುವ ಬಾಬಿನ್‌ನಲ್ಲಿ ಇರಬಹುದು ಅನ್ನಿಸುತ್ತದೆ. 70 ಡೆನಿಯರ್‌ಗೆ ಇಳಿಯಿರಿ. ದಾರ ತಾನಾಗಿ ಹುರಿಗೊಳ್ಳುತ್ತದೆ ಅನ್ನುವುದನ್ನೂ ಗಮನಿಸಿ. ನೀವು ಬಲಗೈಯವರಾದರೆ ಪ್ರತಿ ಸುತ್ತಿಗೂ ಅದು ಇನ್ನಷ್ಟು ಹುರಿಯಾಗುತ್ತದೆ, ದುಂಡಗೆ ಉಬ್ಬುತ್ತದೆ. ಬಾಬಿನ್ ಅನ್ನು ನೇತಾಡಲು ಬಿಟ್ಟು, ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ದಾರ ಬಿಚ್ಚಿಕೊಂಡು ಚಪ್ಪಟೆಯಾಗುತ್ತದೆ. ಚಪ್ಪಟೆ ದಾರದ ಐದು ಸುತ್ತು ದುಂಡು ದಾರದ ಎರಡು ಸುತ್ತಿನಷ್ಟೂ ಉಬ್ಬುವುದಿಲ್ಲ. ಇದೊಂದರಿಂದಲೇ ನಿಮ್ಮ ತಲೆಯ ತೊಂದರೆ ಅರ್ಧಕ್ಕೆ ಇಳಿಯುತ್ತದೆ.

ಉಳಿದ ಅರ್ಧ ಜಾಗದ ಹಂಚಿಕೆ. ಕೊಕ್ಕೆಯ ದಂಡದ ಮುಂದಿನ ಮೂರನೇ ಒಂದು ಭಾಗ ರೆಕ್ಕೆ, ಹ್ಯಾಕಲ್, ತಲೆಗೆ ಮೀಸಲು. ಮೈ ಅಲ್ಲಿಗೆ ಕಾಲಿಡಬಾರದು. ಕಣ್ಣಿನ ಹಿಂದೆ, ಕಣ್ಣಿನ ಉದ್ದದಷ್ಟು ದಂಡ ಕೊನೆಯವರೆಗೂ ಬರಿದಾಗಿರಲಿ. ರೆಕ್ಕೆಯನ್ನು ಮೊದಲು ಕಟ್ಟಿ, ಬಾಲ ಆಮೇಲೆ. ರೆಕ್ಕೆಯ ಬುಡ ಹಿಂದಕ್ಕೆ ಬರುತ್ತದೆ, ಬಾಲದ ಬುಡ ಮುಂದಕ್ಕೆ ಬರುತ್ತದೆ. ಎರಡನ್ನೂ ಓರೆಯಾಗಿ ಕತ್ತರಿಸಿ, ನಡುವೆ ಒಂದರ ಮೇಲೊಂದು ಏರದೆ ಸೇರುವ ಹಾಗೆ ಮಾಡಿದರೆ ಮೈಗೆ ಒಂದೇ ಸಮನಾದ ಇಳಿಜಾರು ತಾನಾಗೇ ಬರುತ್ತದೆ. ಸುಮ್ನೆ ಅಡ್ಡಕ್ಕೆ ಕತ್ತರಿಸಿದರೆ ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲನ್ನು ಮುಚ್ಚಲು ಮತ್ತೆ ದಾರ. ಹ್ಯಾಕಲ್ ಆ ಮೆಟ್ಟಿಲಿನ ಮೇಲೆ ಬಂದರೆ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ.

ಅಳತೆಗಳು ನಿಮಗೆ ಗೊತ್ತಿರುತ್ತವೆ. ಬಾಲ ದಂಡದಷ್ಟು ಉದ್ದ, ರೆಕ್ಕೆಯೂ ಅಷ್ಟೇ. ಹ್ಯಾಕಲ್‌ನ ಎಳೆ ಕೊಕ್ಕೆಯ ಬಾಯಗಲದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನ ಒಳಗೆ. ಕಣ್ಣಳತೆ ನಂಬಬೇಡಿ, ಗರಿಯನ್ನು ಕೊಕ್ಕೆಯ ಪಕ್ಕ ಬಾಗಿಸಿ ಹಿಡಿದು ನೋಡಿ.

ಆಡಮ್ಸ್‌ನ ರೆಕ್ಕೆ ತಿರುಚುವುದಕ್ಕೆ ಕಾರಣ ಬೇರೆ. ಅದರ ರೆಕ್ಕೆ ಎರಡು ಗ್ರಿಜ್ಲಿ ಗರಿಯ ತುದಿ, ಅಂದರೆ ಕಪ್ಪು ಬಿಳುಪು ಪಟ್ಟೆಯ ಕೋಳಿಯ ಗರಿ. ಗರಿಯ ದಂಟು ದುಂಡಗಿರುತ್ತದೆ, ಕೊಕ್ಕೆಯ ದಂಡವೂ ದುಂಡಗಿರುತ್ತದೆ. ದಾರ ಬಿಗಿಯಾದ ಕೂಡಲೇ ದಂಟು ಉರುಳುತ್ತದೆ. ಹುಂಜದ ಗರಿ ಬಿಟ್ಟು ಹೇಂಟೆಯ ಗರಿ ಆರಿಸಿ. ಅದು ಅಗಲ, ತುದಿ ದುಂಡಗೆ, ದಂಟು ಮೆತ್ತಗೆ. ಎರಡು ದಂಟುಗಳನ್ನು ದಂಡದ ಎರಡು ಬದಿಗೆ ಒಂದೊಂದು ಇಳಿಬಿಟ್ಟು ಕಟ್ಟಿ. ಮೊದಲ ಸುತ್ತನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸಡಿಲ ಕುಣಿಕೆಯಾಗಿ ತಂದು ನೇರ ಕೆಳಕ್ಕೆ ಎಳೆಯಿರಿ, ಪಕ್ಕಕ್ಕೆ ಬೇಡ. ಬೆರಳು ಬಿಡುವ ಮೊದಲೇ ಎರಡನೇ ಸುತ್ತು ಬರಲಿ.

ಈ ಫ್ಲೈ ಹುಟ್ಟಿದ್ದು 1922ರಲ್ಲಿ, ಮಿಶಿಗನ್‌ನ ಮೇಫೀಲ್ಡ್ ಅನ್ನುವ ಸಣ್ಣ ಊರಲ್ಲಿ. ಲೆನ್ ಹ್ಯಾಲಡೆ ಕಟ್ಟಿಕೊಟ್ಟ, ಚಾರ್ಲ್ಸ್ ಆಡಮ್ಸ್ ಅದನ್ನು ಬೋರ್ಡ್‌ಮನ್ ನದಿಗೆ ಒಯ್ದು ನೋಡಿದ, ಹೆಸರು ಅವನದ್ದಾಯಿತು. ಅದು ಯಾವ ಒಂದು ನಿರ್ದಿಷ್ಟ ಹುಳುವಿನ ನಕಲೂ ಅಲ್ಲ, ಹಲವು ಹುಳುಗಳಿಗೆ ಹೋಲುತ್ತದೆ. ಅದಕ್ಕೇ ನಿಮ್ಮ ಕೊಲರಾಡೊ ನದಿಗಳಲ್ಲೂ ನಡೆಯುತ್ತದೆ.

ಕ್ವಿಲ್ ಗೋರ್ಡನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ನನಗೆ ಈ ಮೂರರಲ್ಲಿ ಅದೇ ಅಚ್ಚುಮೆಚ್ಚು. ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಥಿಯೋಡರ್ ಗೋರ್ಡನ್ ಅನ್ನುವವನಿದ್ದ, 1915ರಲ್ಲಿ ತೀರಿಕೊಂಡ. 1890ರಲ್ಲಿ ಇಂಗ್ಲೆಂಡಿನ ಫ್ಲೈ ಪರಿಣತ ಹಾಲ್‌ಫರ್ಡ್ ಅವನಿಗೆ ಡ್ರೈ ಫ್ಲೈಗಳ, ಅಂದರೆ ನೀರ ಮೇಲೆ ತೇಲುವ ಫ್ಲೈಗಳ ಮಾದರಿ ಕಳಿಸಿಕೊಟ್ಟಿದ್ದ. ಅವು ಇಂಗ್ಲೆಂಡಿನ ಮೆಲ್ಲಗೆ ಹರಿಯುವ ತಿಳಿನೀರಿಗೆ ಮಾಡಿದವು. ಕ್ಯಾಟ್‌ಸ್ಕಿಲ್‌ನ ನದಿಗಳು ಕಲ್ಲು ಬಂಡೆಗಳ ಮೇಲೆ ರಭಸದಿಂದ ಇಳಿಯುತ್ತವೆ. ಅಲ್ಲಿಯ ಹುಳುಗಳೂ ಬೇರೆ. ಗೋರ್ಡನ್ ತನ್ನ ನೀರಿಗೆ ತಕ್ಕ ಹಾಗೆ ಗಟ್ಟಿ ಎಳೆಯ ಹ್ಯಾಕಲ್, ತೆಳ್ಳನೆ ಮೈ, ವುಡ್ ಡಕ್ ರೆಕ್ಕೆ ಇಟ್ಟ. ಈ ಫ್ಲೈಯಲ್ಲಿ ಏನನ್ನು ಬಿಟ್ಟಿದ್ದಾನೆ ಅನ್ನುವುದೇ ಮುಖ್ಯ. ತುಂಬಿ ಕಟ್ಟಿದರೆ ಅದು ಕ್ವಿಲ್ ಗೋರ್ಡನ್ ಆಗಿ ಉಳಿಯುವುದಿಲ್ಲ.

ಮೈ ಅಂದರೆ ನವಿಲುಗರಿಯ ಒಂದೇ ಎಳೆ, ತುಪ್ಪಟ ತೆಗೆದದ್ದು. ಎಳೆಯನ್ನು ಗರಿಯ ಕಣ್ಣಿನ ಭಾಗದಿಂದಲೇ ಆರಿಸಬೇಕು. ಕೆಳಗಿನ ಎಳೆಗಳಿಗೆ ಒಂದೇ ಬಣ್ಣ. ಕಣ್ಣಿನ ಎಳೆಗೆ ಒಂದು ಅಂಚು ತಿಳಿ, ಒಂದು ಅಂಚು ಕಪ್ಪು. ಸುತ್ತಿದಾಗ ಪಟ್ಟೆ ಪಟ್ಟೆಯಾಗಿ ಹುಳುವಿನ ಮೈಯ ಗೆಣ್ಣು ಕಾಣುವುದು ಅದರಿಂದ. ತುಪ್ಪಟ ತೆಗೆಯಲು ಕೆಲವರು ಇಡೀ ಕಣ್ಣನ್ನು ಬ್ಲೀಚ್ ದ್ರಾವಣದಲ್ಲಿ ಅದ್ದುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೂ ಎಳೆ ಸತ್ವ ಕಳಕೊಂಡು ಪುಡಿಯಾಗುತ್ತದೆ. ನಿಮ್ಮ ಎಳೆ ಸೀಳುವುದಕ್ಕೆ ಇದೂ ಕಾರಣವಿರಬಹುದು. ಒಂದೊಂದೇ ಎಳೆಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯುವುದು ನಿಧಾನ, ಆದರೆ ಎಳೆ ಗಟ್ಟಿ ಉಳಿಯುತ್ತದೆ. ಬ್ಲೀಚೇ ಬಳಸುವುದಾದರೆ ಕಿಟಕಿ ತೆಗೆದಿಡಿ, ಬೇರೆ ಯಾವ ರಾಸಾಯನಿಕದ ಜೊತೆಗೂ ಸೇರಿಸಬೇಡಿ, ತುಪ್ಪಟ ಕರಗಿದ ಕೂಡಲೇ ಅಡಿಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆಯಿರಿ.

ಸೀಳುವುದಕ್ಕೆ ಇನ್ನೂ ದೊಡ್ಡ ಕಾರಣ, ಒಣಗಿದ ಎಳೆಯನ್ನು ಹಾಗೇ ಸುತ್ತುವುದು. ಚಳಿಗಾಲದಲ್ಲಿ ನಿಮ್ಮ ಮನೆಯ ಹೀಟರ್ ಗಾಳಿ ಬಹಳ ಒಣ. ಎಳೆಯನ್ನು ನೀರಲ್ಲಿ ಚೆನ್ನಾಗಿ ನೆನೆಸಿ, ಒದ್ದೆ ಇರುವಾಗಲೇ ಸುತ್ತಿ. ಅಡಿಯ ದಾರ ನುಣುಪಾಗಿರಬೇಕು, ಉಬ್ಬು ತಗ್ಗು ಇದ್ದಲ್ಲಿ ಎಳೆಯ ಅಂಚು ಎದ್ದು ಅಲ್ಲಿಂದಲೇ ಬಿರುಕು ಬಿಡುತ್ತದೆ. ಕೊನೆಗೆ ತೆಳ್ಳಗೆ ಒಂದು ಕೋಟ್ ವಾರ್ನಿಶ್. ಅಥವಾ ಎದುರು ದಿಕ್ಕಿನಲ್ಲಿ ಸಣ್ಣ ಚಿನ್ನದ ಬಣ್ಣದ ತಂತಿ. ಇಲ್ಲದಿದ್ದರೆ ಟ್ರೌಟ್‌ನ ಹಲ್ಲಿಗೆ ಒಂದೇ ಸಲಕ್ಕೆ ಬಿಚ್ಚಿಹೋಗುತ್ತದೆ.

ರಾಯಲ್ ವುಲ್ಫ್ ಅನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂರರಲ್ಲಿ ಅದೇ ಕಷ್ಟ. ನವಿಲಿನ ಎಳೆ, ಕೆಂಪು ಫ್ಲಾಸ್ (ರೇಷ್ಮೆಯಂಥ ಮೃದು ದಾರ), ಮತ್ತೆ ನವಿಲಿನ ಎಳೆ, ಹೀಗೆ ಮೂರು ಭಾಗದ ಮೈ. ಅದರ ಮುಂದೆ ಬಿಳಿ ಕೂದಲಿನ ರೆಕ್ಕೆ. ಇದಕ್ಕೆ ಕೈ ಹಾಕುವಾಗ ಕರುವಿನ ಬಾಲದ ಕೂದಲಿನ ಬದಲು ಮೈಕೂದಲು ಕೊಳ್ಳಿ. ಬಾಲದ್ದು ಗುಂಗುರು, ತುದಿ ಸಮ ಮಾಡಲು ಬಾರದು. ಬುಡದ ಮೆತ್ತನೆ ತುಪ್ಪಟವನ್ನೆಲ್ಲ ಬಾಚಿ ತೆಗೆದ ಮೇಲೆ ಹಿಂಡಿ ಹಿಡಿದರೆ ಬೆಂಕಿಕಡ್ಡಿಗಿಂತ ದಪ್ಪ ಇರಬಾರದು, ಸ್ವಲ್ಪ ದೊಡ್ಡ 12ನೇ ನಂಬರಿನ ಕೊಕ್ಕೆಗೂ. ಎಲ್ಲರೂ ಇದರ ಎರಡರಷ್ಟು ತೆಗೆದುಕೊಳ್ಳುತ್ತಾರೆ. ಕೂದಲು, ತುದಿ ಸಮ ಮಾಡುವ ಕೊಳವೆಯಾದ ಸ್ಟ್ಯಾಕರ್‌ನ ಒಳಗೆ ಅಂಟಿಕೊಂಡರೆ ಬಟ್ಟೆ ಡ್ರೈಯರ್‌ಗೆ ಹಾಕುವ ಹಾಳೆಯಿಂದ ಅದರ ಒಳಭಾಗ ಒಮ್ಮೆ ಒರೆಸಿ.

ವೈಸ್ ಬಗ್ಗೆ ಕೇಳಿದಿರಿ. ವೈಸ್‌ನ ಕೆಲಸ ಕೊಕ್ಕೆ ಅಲ್ಲಾಡದಂತೆ ಹಿಡಿಯುವುದು. ನೀವು ಬಿಗಿಯಾಗಿ ದಾರ ಎಳೆದಾಗ ಕೊಕ್ಕೆ ಜಾರುತ್ತಿಲ್ಲ ಅಂದರೆ ನಿಮ್ಮ ವೈಸ್ ಸಾಕು. ತಿರುಗುವ ವೈಸ್‌ನಲ್ಲಿ ಆ ಕಡೆಯ ರೆಕ್ಕೆ ನೋಡಲು ಅನುಕೂಲ, ಅಷ್ಟೇ. ತಲೆ ತುಂಬಿಹೋಗುವುದನ್ನು ಅದು ತಪ್ಪಿಸಲ್ಲ. ಆ ದುಡ್ಡಲ್ಲಿ ಸ್ವಲ್ಪವನ್ನು ಬೆಳಕಿಗೆ ಹಾಕಿ. 48ರ ವಯಸ್ಸಿಗೆ ಹತ್ತಿರದ ನೋಟ ಮಂಜಾಗಿರುತ್ತದೆ. ಎಷ್ಟೋ ಜನ ಅದನ್ನೇ ಕೈಯ ದೋಷ ಅಂದುಕೊಳ್ಳುತ್ತಾರೆ. ಒಂದು ಸಲ ಕಣ್ಣು ತೋರಿಸಿ, ಓದುವ ಕನ್ನಡಕ ಹಾಕಿ ಕೂತುಕೊಳ್ಳಿ. ಒಂದು ಒಳ್ಳೆಯ ದೀಪ, ವೈಸ್‌ನ ಹಿಂದೆ ತಿಳಿ ಬಣ್ಣದ ಒಂದು ಕಾರ್ಡು ಇಡಿ. ಸಣ್ಣ ತುದಿಯ ಹರಿತ ಕತ್ತರಿಯೂ ಬೇಕು, ತಂತಿ ಕತ್ತರಿಸಲು ಬೇರೆಯದು.

ಹಣ ಹಾಕಲೇಬೇಕಾದ ಸಾಮಾನು ಒಂದೇ: ಹ್ಯಾಕಲ್. ಹಳಬರು ಊರ ಹುಂಜದ ಗಿಡ್ಡ ಗರಿಯಲ್ಲಿ ಹೋರಾಡಿದರು. ಆರೆಗಾನ್‌ನ ಹೆನ್ರಿ ಹಾಫ್‌ಮನ್ ವರ್ಷಗಟ್ಟಲೆ ತಳಿ ಆರಿಸಿ ಬೆಳೆಸಿದ ಗ್ರಿಜ್ಲಿ ಕೋಳಿಗಳಿಂದ ಅದು ಬದಲಾಯಿತು. ಆ ತಳಿ 1989ರಲ್ಲಿ ವೈಟಿಂಗ್ ಫಾರ್ಮ್ಸ್ ಕೈಗೆ ಹೋಯಿತು, ಅದು ಇರುವುದು ನಿಮ್ಮ ಕೊಲರಾಡೊದಲ್ಲೇ. 2011ರಲ್ಲಿ ಹೆಣ್ಣುಮಕ್ಕಳು ಕೂದಲಿಗೆ ಇದೇ ಉದ್ದ ಗರಿಗಳನ್ನು ಸಿಕ್ಕಿಸಿಕೊಳ್ಳುವ ಫ್ಯಾಷನ್ ಬಂದು ಫ್ಲೈ ಕಟ್ಟುವವರಿಗೆ ಗರಿಯೇ ಸಿಗದ ಹಾಗಾಗಿತ್ತು. ಈಗ ಆ ತೊಂದರೆ ಇಲ್ಲ. ಇಡೀ ಕೇಪ್, ಅಂದರೆ ಗರಿಸಹಿತ ಕತ್ತಿನ ಚರ್ಮ, ಬೇಡ. 14ನೇ ನಂಬರಿಗೆ ಆಗುವ, ಸುಮಾರು 100 ಫ್ಲೈಗೆ ಸಾಕಾಗುವ ಸಣ್ಣ ಪ್ಯಾಕೆಟ್ ಗ್ರಿಜ್ಲಿ ಒಂದು, ಕಂದು ಒಂದು ತನ್ನಿ.

ಮೊದಲು ಒಂದು ವಾರ ಫ್ರ್ಯಾಂಕ್ ಸಾಯರ್‌ನ ಫೆಸೆಂಟ್ ಟೇಲ್ ನಿಂಫ್ ಕಟ್ಟಿ, ನೀರೊಳಗಿನ ಹುಳುವಿನ ಮರಿಯನ್ನು ಹೋಲುವ ಫ್ಲೈ ಅದು. ಅವನು ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ. ಅದರಲ್ಲಿ ದಾರವೇ ಇಲ್ಲ, ಸಣ್ಣ ತಾಮ್ರದ ತಂತಿ ಮತ್ತು ಫೆಸೆಂಟ್ ಹಕ್ಕಿಯ ಬಾಲದ ಎಳೆ, ಎರಡೇ ವಸ್ತು. ಈಜುವಾಗ ಆ ಹುಳು ಕಾಲನ್ನು ಮೈಗೆ ಅಂಟಿಸಿಕೊಂಡಿರುತ್ತದೆ ಅಂತ ನೀರಲ್ಲಿ ನೋಡಿದ್ದರಿಂದ ಅವನು ಕಾಲನ್ನೂ ಇಡಲಿಲ್ಲ. ತಂತಿ ಬೇಡದ ಸುತ್ತನ್ನು ಕ್ಷಮಿಸುವುದಿಲ್ಲ, ಒಂದೊಂದು ಸುತ್ತೂ ಕಣ್ಣಿಗೆ ಕಾಣುತ್ತದೆ. ಅದು ಮುಗಿದ ಮೇಲೆ ಆಡಮ್ಸ್, ಅದೂ 14ನೇ ನಂಬರಿನಲ್ಲಿ ಮಾತ್ರ, ಹನ್ನೆರಡು. ನಡುವೆ ಬೇರೆ ಫ್ಲೈಗೆ ಹೋಗಬೇಡಿ. ಮುಗಿಸಿದ ಕ್ರಮದಲ್ಲೇ ಸಾಲಾಗಿ ಚುಚ್ಚಿಡಿ.

ಓರೆಯಾದವನ್ನು ಬಿಸಾಡಬೇಡಿ, ಟ್ರೌಟ್ ಅವನ್ನೂ ತಿನ್ನುತ್ತದೆ. ಮೀನಿಗೆ ತಲೆಯ ಅಂದ ಮುಖ್ಯವಲ್ಲ, ಫ್ಲೈ ನೀರ ಮೇಲೆ ನೆಟ್ಟಗೆ ಕೂರುತ್ತದಾ ಅನ್ನುವುದು ಮುಖ್ಯ. ಅದನ್ನು ಮನೆಯಲ್ಲೇ ನೋಡಬಹುದು. ಮೇಜಿನಿಂದ ಒಂದು ಗೇಣು ಮೇಲೆ ಹಿಡಿದು ಬಿಡಿ. ಹ್ಯಾಕಲ್‌ನ ತುದಿ ಮತ್ತು ಬಾಲದ ಮೇಲೆ ನಿಂತು, ಕೊಕ್ಕೆಯ ಬಾಗು ಮೇಜಿಗೆ ತಾಗಿಯೂ ತಾಗದಂತೆ ಇದ್ದರೆ ಅಳತೆ ಸರಿ. ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ರೆಕ್ಕೆ ಒಂದು ಕಡೆ ಭಾರ. ಮುಂದಕ್ಕೆ ಮುಗ್ಗರಿಸಿದರೆ ಬಾಲ ಉದ್ದವಾಯಿತು, ಇಲ್ಲ ಹ್ಯಾಕಲ್ ಸಣ್ಣದಾಯಿತು. ಒಂದೇ ಸಾಲಿನ ಮೂರು ಆಡಮ್ಸ್ ಹೀಗೆ ನೆಟ್ಟಗೆ ನಿಂತ ದಿನ ನವಿಲಿನ ಎಳೆಯನ್ನು ನೀರಿಗೆ ಹಾಕಿ, ಕ್ವಿಲ್ ಗೋರ್ಡನ್ ಶುರು ಮಾಡಿ.